ಮುಚ್ಚುವ ಮುಂಚೆ ನೋಡಿ: ಮನೆಯ ಪಾಯದ ಕುರಿತು

ಮನೆಯಲ್ಲಿ ಬೇರೆ ಯಾವ ಕೆಲಸ ಕೆಟ್ಟರೂ ಕಣ್ಣಿಗೆ ಬೀಳುತ್ತದೆ. ಗಾರೆ ಸೊಟ್ಟಗಿದ್ದರೆ ಕೆತ್ತಿಸಿ ಮತ್ತೆ ಮಾಡಿಸಬಹುದು. ಟೈಲ್ಸ್ ಟೊಳ್ಳು ಸದ್ದು ಮಾಡಿದರೆ ಕೀಳಿಸಬಹುದು. ಪಾಯಕ್ಕೆ ಆ ಅವಕಾಶ ಇಲ್ಲ. ಗುಂಡಿಯ ತಳವನ್ನು ಬೆಡ್ ಕಾಂಕ್ರೀಟ್ ಅನ್ನುವ ತೆಳು ಪದರ ಮುಚ್ಚುತ್ತದೆ, ಬೆಡ್ಡನ್ನು ಕಂಬಿಯ ಜಾಲರಿ, ಜಾಲರಿಯನ್ನು ಕಾಂಕ್ರೀಟು, ಕಾಂಕ್ರೀಟನ್ನು ಮಣ್ಣು. ಒಂದೊಂದು ಹಂತವೂ ಅದರ ಹಿಂದಿನದನ್ನು ಮುಚ್ಚುತ್ತಾ ಹೋಗುತ್ತದೆ, ಕೊನೆಗೆ ನಿಮ್ಮ ಕಣ್ಣಿಗೆ ಉಳಿಯುವುದು ನೆಲ ಮಾತ್ರ. ಅದಕ್ಕೇ ಇವತ್ತು ಪಾಯದ ಕೆಲಸವನ್ನು ಅದು ನಡೆಯುವ ಕ್ರಮದಲ್ಲೇ ಹೇಳುತ್ತೇನೆ. ಯಾವ ಹಂತದಲ್ಲಿ, ಮುಚ್ಚುವ ಮುಂಚೆ, ನೀವು ನಿಂತು ಏನನ್ನು ನೋಡಬೇಕು ಅನ್ನುವುದನ್ನೂ ಜೊತೆಗೇ ಹೇಳುತ್ತೇನೆ.

ಮೊದಲು ಕಾಗದದ ಮೇಲಿನ ಕೆಲಸ. ನಮಗೆ ಬೇಕಾದ ಹಾಗೆ ಮನೆ ಕಟ್ಟಿಸುತ್ತೇವೆ ಅಂದಮೇಲೆ ಆ ಮನೆಯ ಭಾರ ಬೇರೆ ಯಾವ ಮನೆಯ ಭಾರದ ಹಾಗೂ ಇರುವುದಿಲ್ಲ. ಲೆಕ್ಕ ನೋಡಿ. ಆರು ಇಂಚಿನ ಆರ್‌ಸಿಸಿ ಸ್ಲ್ಯಾಬು ಒಂದು ಚದರ ಮೀಟರಿಗೆ ಸುಮಾರು 375 ಕೆ.ಜಿ. ತೂಗುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೂರು ಮೀಟರ್ ಎತ್ತರದ್ದು, ಉದ್ದದ ಪ್ರತಿ ಮೀಟರಿಗೆ ಹೆಚ್ಚುಕಡಿಮೆ 1.3 ಟನ್. ತಾರಸಿಯ ಮೇಲೆ ಎರಡು ಸಾವಿರ ಲೀಟರಿನ ಟ್ಯಾಂಕ್ ಇಟ್ಟರೆ ನೀರೇ ಎರಡು ಟನ್. ಹಾಲಿನ ನಡುವೆ ಕಂಬ ಬೇಡ ಅಂದರೆ ಆ ಕಂಬ ಹೊರಬೇಕಿದ್ದ ಭಾರ ಎಲ್ಲಿಗೂ ಮಾಯವಾಗುವುದಿಲ್ಲ, ಸುತ್ತಲಿನ ಕಂಬಗಳು ಅದನ್ನು ಹಂಚಿಕೊಂಡು ಕೆಳಗೆ ಇಳಿಸುತ್ತವೆ. ಒಂದು ಗೋಡೆ ತುಂಬ ಪುಸ್ತಕ ಜೋಡಿಸುವ ಆಸೆ ಇದ್ದರೆ ಅದನ್ನೂ ಎಂಜಿನಿಯರಿಗೆ ಈಗಲೇ ಹೇಳಿ. ಮುಂದೆ ಒಂದು ಮಹಡಿ ಏರಿಸುವ ಯೋಚನೆ ಇದ್ದರಂತೂ ಪಾಯ ತೋಡುವ ಮುಂಚೆ ಹೇಳಲೇಬೇಕು. ಗೋಡೆಯ ಬಣ್ಣ ಕೊನೆಯ ದಿನ ಬದಲಾಯಿಸಬಹುದು. ಕಂಬದ ಜಾಗ, ಮಹಡಿಗಳ ಸಂಖ್ಯೆ, ಟ್ಯಾಂಕಿನ ಜಾಗ ಇವು ಮೂರು ಪಾಯಕ್ಕಿಂತ ಮುಂಚೆ ಗಟ್ಟಿಯಾಗಬೇಕು.

ಆ ಭಾರವನ್ನು ಕೊನೆಗೆ ಹೊರುವುದು ಮಣ್ಣು. ಪಾಯ ಅಂದರೆ ಕಾಂಕ್ರೀಟು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಕಾಂಕ್ರೀಟು ಮಾಡುವುದು ಇಷ್ಟೇ: ಕಂಬದಲ್ಲಿ ಒಂದೇ ಕಡೆ ಒತ್ತಿ ಬರುವ ಭಾರವನ್ನು ಮಣ್ಣು ತಾಳುವಷ್ಟು ಅಗಲಕ್ಕೆ ಹರಡುವುದು. ಒಂದು ಉದಾಹರಣೆ ತೆಗೆದುಕೊಳ್ಳಿ. ಒಂದು ಕಂಬದ ಮೇಲೆ 40 ಟನ್ ಬರುತ್ತದೆ. ಫುಟಿಂಗಿನ, ಅಂದರೆ ಕಂಬದ ಬುಡದ ಅಗಲವಾದ ಕಾಂಕ್ರೀಟು ಪೀಠದ, ಸ್ವಂತ ತೂಕಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 44. ಮಣ್ಣು ಒಂದು ಚದರ ಮೀಟರಿಗೆ 20 ಟನ್ ತಾಳುತ್ತದೆ ಅಂದರೆ ಬೇಕಾದದ್ದು 2.2 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಮೀಟರ್ ಚೌಕದ ಫುಟಿಂಗ್. ಮಣ್ಣು 10 ಟನ್ ಮಾತ್ರ ತಾಳುವಂಥದ್ದಾದರೆ ಅದೇ ಕಂಬಕ್ಕೆ 2.1 ಮೀಟರ್ ಚೌಕ ಬೇಕು. ಅದೇ ಮನೆ, ಅದೇ ಕಂಬ, ಫುಟಿಂಗಿನ ವಿಸ್ತೀರ್ಣ ಎರಡು ಪಟ್ಟು. ಹಾಗಿರುವಾಗ "ಪಕ್ಕದ ಸೈಟಿನವರು ಐದಡಿಗೆ ಐದಡಿ ಹಾಕಿದ್ದಾರೆ, ನಮಗೂ ಅದೇ ಸಾಕು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅವರ ಕಂಬದ ಮೇಲೆ ಎಷ್ಟು ಭಾರ ಇದೆ, ಅವರ ಗುಂಡಿಯ ತಳದಲ್ಲಿ ಎಂಥ ಮಣ್ಣು ಸಿಕ್ಕಿತು, ಎರಡೂ ನಿಮಗೆ ಗೊತ್ತಿಲ್ಲ.

ಇಲ್ಲಿ ಒಂದು ಹಳೆಯ ಘಟನೆ ಹೇಳಬೇಕು. ಅದು ಮನೆಯದಲ್ಲ, ಆದರೆ ಮಣ್ಣಿನ ವಿಷಯವನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ. ಕೆನಡಾದ ವಿನ್ನಿಪೆಗ್ ಪಕ್ಕದ ಟ್ರಾನ್ಸ್‌ಕೋನಾದಲ್ಲಿ ಕಾಂಕ್ರೀಟಿನ ಭಾರಿ ಧಾನ್ಯದ ಕಣಜ ಕಟ್ಟಿದರು. 1913ರಲ್ಲಿ ಕಟ್ಟಿ ಮುಗಿಸಿ ಧಾನ್ಯ ತುಂಬಿಸತೊಡಗಿದರು. ಅಕ್ಟೋಬರ್ 18ರಂದು ಅದು ಕುಸಿಯಲು ಶುರುವಾಗಿ, ಒಂದು ದಿನದೊಳಗೆ ಒಂದು ಕಡೆಗೆ ವಾಲಿತು. ಕೊನೆಗೆ ನಿಂತದ್ದು ಸುಮಾರು 27 ಡಿಗ್ರಿ ಓರೆಯಲ್ಲಿ. ಆಶ್ಚರ್ಯ ಅಂದರೆ ಕಣಜಕ್ಕೆ ಹೇಳಿಕೊಳ್ಳುವಂಥ ಪೆಟ್ಟೇ ಆಗಿರಲಿಲ್ಲ. ಕಾಂಕ್ರೀಟು ಗಟ್ಟಿಯಾಗಿತ್ತು, ಸೋತದ್ದು ಮಣ್ಣು. ಕಟ್ಟುವ ಮುಂಚೆ ಮಣ್ಣಿನ ಪರೀಕ್ಷೆಯನ್ನೂ ಮಾಡಿದ್ದರು, ಆದರೆ ಪಾಯದ ಮಟ್ಟದಲ್ಲಿ, ಸಣ್ಣ ಜಾಗದ ಮೇಲೆ ಭಾರ ಹೇರಿ. ಮೇಲಿನ ಜೇಡಿ ಗಟ್ಟಿಯಾಗಿತ್ತು, ಅದರ ಕೆಳಗಿನ ಜೇಡಿ ಮೆತ್ತಗಿತ್ತು. ಆಮೇಲೆ ಕೆಳಗಿನ ಬಂಡೆಯವರೆಗೂ ಆಧಾರ ಇಳಿಸಿ ಇಡೀ ಕಣಜವನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು, ಅದು ಬೇರೆಯೇ ದೊಡ್ಡ ಕಥೆ. ನಮಗೆ ಬೇಕಾದ ಸಂಗತಿ ಎಂದರೆ, ಫುಟಿಂಗಿನ ಒತ್ತಡ ಅದರ ಅಗಲದ ಒಂದೂವರೆ, ಎರಡು ಪಟ್ಟು ಆಳದವರೆಗೂ ಇಳಿಯುತ್ತದೆ. ಅಷ್ಟು ಆಳದಲ್ಲಿ ಏನಿದೆ ಅಂತ ತಿಳಿಯದೆ ಮೇಲಿನ ಗಟ್ಟಿ ಪದರವನ್ನು ನಂಬಬಾರದು.

ಮಣ್ಣು ಪರೀಕ್ಷೆ ಅಂದರೆ ಏನೋ ದೊಡ್ಡ ಕಟ್ಟಡಗಳಿಗೆ ಮಾತ್ರ ಅನ್ನುವ ಭಾವನೆ ಇದೆ. ಹಾಗೇನಿಲ್ಲ. ಸೈಟಿನ ಎರಡು ಮೂರು ಕಡೆ ಬೋರ್ ಇಳಿಸುತ್ತಾರೆ. ಆಳ ಆಳದಲ್ಲಿ 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತಾರೆ. ಮಣ್ಣಿನ ಮಾದರಿ ಲ್ಯಾಬಿಗೆ ಹೋಗುತ್ತದೆ. ವರದಿಯಲ್ಲಿ ನೀವು ಮೂರು ವಿಷಯ ಹುಡುಕಿ. ಯಾವ ಆಳದಲ್ಲಿ ಮಣ್ಣು ಎಷ್ಟು ಭಾರ ತಾಳುತ್ತದೆ. ಅಂತರ್ಜಲ ಎಷ್ಟು ಆಳದಲ್ಲಿ ಸಿಕ್ಕಿತು. ಮಣ್ಣು ಉಬ್ಬುವ ಜಾತಿಯದೋ ಅಲ್ಲವೋ.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಎರೆಮಣ್ಣಿನಂಥ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಉಬ್ಬುವಾಗ ಅದು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಹಗುರವಾದ ಒಂದಂತಸ್ತಿನ ಮನೆಗೆ ಇದರಿಂದ ಹೆಚ್ಚು ತೊಂದರೆ, ಯಾಕೆಂದರೆ ಆ ಒತ್ತಡವನ್ನು ಅದುಮಿ ಹಿಡಿಯುವಷ್ಟು ತೂಕ ಮನೆಗೆ ಇರುವುದಿಲ್ಲ. ಇಂಥ ಕಡೆ ಏಳುಬೀಳು ಇಲ್ಲದ ಆಳದವರೆಗೂ ಪಾಯ ಇಳಿಸಬೇಕು, ಅಥವಾ ಬುಡದಲ್ಲಿ ಅಗಲವಾದ ಪೈಲ್ (ನೆಲದೊಳಗೆ ಆಳಕ್ಕೆ ಇಳಿಸುವ ಕಂಬ) ಹಾಕಬೇಕು, ಪದರ ತೆಳುವಾಗಿದ್ದರೆ ಅದನ್ನು ತೆಗೆದು ಗ್ರಾವೆಲ್ ತುಂಬಿ ಗಟ್ಟಿ ಮಾಡಬೇಕು. ಹಿಮ ಬೀಳುವ ದೇಶಗಳಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಮಣ್ಣಿನೊಳಗೆ ನೀರು ಹೆಪ್ಪುಗಟ್ಟಿ ಪಾಯವನ್ನು ಎತ್ತುತ್ತದೆ, ಅದಕ್ಕೆ ಅಲ್ಲಿ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಫುಟಿಂಗ್ ಕೂರಿಸುವುದು ಕಡ್ಡಾಯ.

ಇನ್ನೊಂದು ಅಪಾಯದ ಜಾಗ ಅರ್ಧ ಕಡಿದು ಅರ್ಧ ತುಂಬಿದ ಸೈಟು. ಇಳಿಜಾರಿನಲ್ಲಿ ಮೇಲಿನ ಮಣ್ಣನ್ನು ಕಡಿದು ಕೆಳಗೆ ತಳ್ಳಿ ಮಟ್ಟ ಮಾಡಿರುತ್ತಾರೆ. ನೋಡಲು ಒಂದೇ ಮೈದಾನ. ಕಟ್ಟಿದಾಗ ಮನೆಯ ಒಂದು ಭಾಗ ಹುಟ್ಟು ಮಣ್ಣಿನ ಮೇಲೆ, ಇನ್ನೊಂದು ಭಾಗ ತುಂಬಿದ ಮಣ್ಣಿನ ಮೇಲೆ. ಇಡೀ ಮನೆ ಒಂದೇ ಸಮನಾಗಿ ಹತ್ತು ಮಿ.ಮೀ. ಕುಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ಕಂಬ ಕುಸಿದು ಪಕ್ಕದ್ದು ನಿಂತರೆ ನಡುವಿನ ಗೋಡೆ ಓರೆಯಾಗಿ ಬಿರಿಯುತ್ತದೆ. ಐದು ಮೀಟರ್ ಅಂತರದ ಎರಡು ಕಂಬಗಳ ನಡುವೆ ಕುಸಿತದ ವ್ಯತ್ಯಾಸ 10 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಗೋಡೆ ತಾಳಿಕೊಳ್ಳುತ್ತದೆ, 17ರ ಹತ್ತಿರ ಬಂದರೆ ಬಿರುಕು ಕಾಣಿಸಿಕೊಳ್ಳುತ್ತದೆ. ಅಂತರ ಎಷ್ಟು ಸಣ್ಣದು ನೋಡಿ. ತುಂಬಿದ ಭಾಗದ ಫುಟಿಂಗುಗಳನ್ನು ಹುಟ್ಟು ಮಣ್ಣು ಸಿಗುವವರೆಗೆ ಇಳಿಸಬೇಕು, ಅದು ಎಷ್ಟೇ ಆಳವಾದರೂ ಸರಿ.

ಈಗ ಸೈಟಿಗೆ ಹೋಗೋಣ. ಮಾರ್ಕಿಂಗ್ ದಿನ. ಮೇಸ್ತ್ರಿ ಮೂಲೆ ಮಟ್ಟ ಹಿಡಿಯಲು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಅಳೆದು ನಡುವೆ ಐದು ಅಡಿ ಬರುತ್ತದೆಯೇ ನೋಡುತ್ತಾನೆ. ಅದು ಸರಿಯಾದ ಕ್ರಮವೇ, ಆದರೆ ಅಷ್ಟು ಸಣ್ಣ ತ್ರಿಕೋನದಲ್ಲಿ ಕಾಲು ಇಂಚಿನ ತಪ್ಪು ಐವತ್ತು ಅಡಿಯ ತುದಿಯಲ್ಲಿ ನಾಲ್ಕು ಇಂಚಿನಷ್ಟಾಗಿ ಬೆಳೆದಿರುತ್ತದೆ. ಒಂಬತ್ತು, ಹನ್ನೆರಡು, ಹದಿನೈದು ಅಡಿ ಹಿಡಿಯಲು ಹೇಳಿ. ಕೊನೆಗೆ ಇಡೀ ಚೌಕದ ಎರಡು ಕರ್ಣಗಳನ್ನು ನೀವೇ ಟೇಪ್ ಹಿಡಿದು ಅಳೆಯಿರಿ, ಎರಡೂ ಸಮ ಇರಬೇಕು. ದಾರ ಕಟ್ಟುವ ಬುರುಜುಗಳನ್ನು, ಅಂದರೆ ಗುರುತಿನ ಗಿಡ್ಡ ಕಂಬಗಳನ್ನು, ಗುಂಡಿಯಿಂದ ದೂರ, ಜೆಸಿಬಿ ತಾಗದ ಹಾಗೆ ಕಟ್ಟಿಸಿ. ಕಂಬ ಏರುವವರೆಗೂ ಸೆಂಟರ್ ಲೈನಿಗೆ, ಅಂದರೆ ಕಂಬಗಳ ನಡುಗೆರೆಗೆ, ಅವೇ ಆಧಾರ.

ಗುಂಡಿ ತೆಗೆಯುವುದರಲ್ಲಿ ಹೇಳಬೇಕಾದದ್ದು ತಳದ ಬಗ್ಗೆ. ಜೆಸಿಬಿಯ ಹಲ್ಲು ತಳದ ಮಣ್ಣನ್ನು ಸಡಿಲ ಮಾಡುತ್ತದೆ, ಅದಕ್ಕೆ ಕೊನೆಯ ಅರ್ಧ ಅಡಿಯನ್ನು ಆಳುಗಳಿಂದ ಕೈಯಲ್ಲೇ ತೆಗೆಸಿ. ಹೆಚ್ಚು ಆಳ ಹೋಗಿಬಿಟ್ಟಿದ್ದರೆ ತೆಗೆದ ಮಣ್ಣನ್ನೇ ಮತ್ತೆ ಎಳೆದು ಮಟ್ಟ ಮಾಡಲು ಬಿಡಬೇಡಿ. ಸಡಿಲ ಮಣ್ಣು ಹುಟ್ಟು ಮಣ್ಣಾಗುವುದಿಲ್ಲ. ಆ ಜಾಗವನ್ನು ಬೆಡ್ ಕಾಂಕ್ರೀಟಿನಿಂದಲೇ ತುಂಬಿಸಬೇಕು. ರಾತ್ರಿ ಮಳೆ ಬಂದು ಗುಂಡಿಯಲ್ಲಿ ನೀರು ನಿಂತರೆ ಬೆಳಿಗ್ಗೆ ಪಂಪು ಹಾಕಿ ನೀರು ಖಾಲಿ ಮಾಡಿ "ರೆಡಿ ಸರ್" ಅನ್ನುತ್ತಾರೆ. ಇಳಿದು ನೋಡಿ. ಬೂಟಿನ ಹಿಮ್ಮಡಿ ಊರಿದರೆ ಹೂತುಹೋಗುತ್ತದೆ, ಒಂದೆರಡು ಇಂಚು ಕೆಸರು ಹಾಗೇ ಇರುತ್ತದೆ. ಆ ಕೆಸರನ್ನು ಪೂರಾ ಬಳಿದು, ಗಟ್ಟಿ ಮಣ್ಣು ಸಿಗುವವರೆಗೆ ಕೆರೆದು, ಆಮೇಲೆ ಬೆಡ್ ಹಾಕಿಸಿ. ಕೆಲಸಗಾರರ ಪ್ರಾಣದ ಮಾತೂ ಇದೆ. ಎದೆಯೆತ್ತರಕ್ಕಿಂತ ಆಳದ ಗುಂಡಿಯ ಗೋಡೆ ನೆಟ್ಟಗೆ ನಿಂತಿದ್ದರೆ ಅದು ಯಾವ ಕ್ಷಣದಲ್ಲಾದರೂ ಜಾರಬಹುದು. ಇಳಿಜಾರು ಕೊಟ್ಟು ತೋಡಿಸಬೇಕು, ಇಲ್ಲವೇ ಹಲಗೆ ಕೊಟ್ಟು ತಡೆಯಬೇಕು. ತೆಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲಿ ರಾಶಿ ಹಾಕದೆ ಕನಿಷ್ಠ ಒಂದು ಮೀಟರ್ ಆಚೆ ಹಾಕಿಸಬೇಕು. ಇದನ್ನು ಗುತ್ತಿಗೆದಾರನಿಗೆ ಬಿಟ್ಟ ವಿಷಯ ಅಂತ ಯಾವ ಮನೆ ಯಜಮಾನನೂ ಕೈ ತೊಳೆದುಕೊಳ್ಳಬಾರದು.

ಬೆಡ್ ಕಾಂಕ್ರೀಟ್ ಮೂರು ನಾಲ್ಕು ಇಂಚಿನದು, ಸಿಮೆಂಟು ಕಡಿಮೆ ಇರುವ ಬಡ ಮಿಶ್ರಣ. ಕಂಬಿ ಮಣ್ಣಿಗೆ ತಾಗದೆ ಕೂರಲು ಮಟ್ಟವಾದ ಶುದ್ಧ ಜಾಗ ಕೊಡುವುದು ಅದರ ಕೆಲಸ, ಅಷ್ಟೇ.

ಕಂಬಿ ಕೆಲಸಕ್ಕೆ ಬರೋಣ. ಫುಟಿಂಗಿನಲ್ಲಿ ಜಾಲರಿ ಯಾಕೆ ತಳದಲ್ಲಿ ಇರುತ್ತದೆ? ಒಂದು ಅಂಗೈ ಅಗಲ ಮಾಡಿ, ನಡುವೆ ಮೇಲಿನಿಂದ ಒಂದು ಬೆರಳು ಊರಿ, ಬೆರಳ ತುದಿಗಳನ್ನು ಕೆಳಗಿನಿಂದ ಯಾರಾದರೂ ಮೇಲಕ್ಕೆ ಒತ್ತಿದರು ಅಂದುಕೊಳ್ಳಿ. ಅಂಗೈಯ ಕೆಳಭಾಗ ಎಳೆಯುತ್ತದೆ. ಕಂಬ ಮೇಲಿನಿಂದ, ಮಣ್ಣು ಕೆಳಗಿನಿಂದ, ಫುಟಿಂಗಿಗೂ ಆಗುವುದು ಅದೇ. ಕಾಂಕ್ರೀಟು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಎಳೆತ ಬರುವ ತಳದಲ್ಲಿ ಕಬ್ಬಿಣ ಬೇಕು, ಆದರೆ ಪೂರಾ ತಳಕ್ಕೆ ಅಂಟಿ ಕೂತರೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಅದಕ್ಕೆ ಕಂಬಿಗೂ ಅಂಚಿಗೂ ನಡುವೆ ಕನಿಷ್ಠ 50 ಮಿ.ಮೀ. ಕಾಂಕ್ರೀಟು ಇರಬೇಕು. ಬೆಡ್ ಇಲ್ಲದೆ ನೇರ ಮಣ್ಣಿನ ಮೇಲೆ ಹಾಕುವ ಕಡೆ 75.

ಈ 50 ಮಿ.ಮೀ. ಕಾಪಾಡುವುದು ಕವರ್ ಬ್ಲಾಕು, ಅಂದರೆ ಜಾಲರಿಯ ಕೆಳಗೆ ಕೊಡುವ ಸಣ್ಣ ಗಟ್ಟಿ ತುಂಡು. ಹಿಂದಿನ ಸಂಜೆ ನೋಡಿದರೆ ಎಲ್ಲ ಬ್ಲಾಕು ಸಾಲಾಗಿ ಕೂತಿರುತ್ತವೆ. ಕಾಂಕ್ರೀಟಿನ ದಿನ ನಾಲ್ಕು ಜನ ಜಾಲರಿಯ ಮೇಲೆ ನಡೆದಾಡುತ್ತಾರೆ, ಬಾಂಡ್ಲಿ ಬೀಳುತ್ತದೆ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಎಳೆದಾಡುತ್ತಾರೆ. ಒಂದು ಬ್ಲಾಕು ಮಗುಚುತ್ತದೆ, ಒಂದು ಒಡೆಯುತ್ತದೆ, ಜಾಲರಿ ಹೋಗಿ ಬೆಡ್ಡಿಗೆ ಅಂಟುತ್ತದೆ. ಬ್ಲಾಕಿನ ಬದಲು ಜೆಲ್ಲಿ ಕಲ್ಲು ಸಿಕ್ಕಿಸಿದ್ದರೆ ಅದು ಇನ್ನೂ ಬೇಗ ಜಾರುತ್ತದೆ. ಹಾಗಾಗಿ ಪರೀಕ್ಷೆ ಹಿಂದಿನ ಸಂಜೆ ಒಂದು ಸಲ, ಮೊದಲ ಬಾಂಡ್ಲಿ ಬೀಳುವ ಮುಂಚೆ ಇನ್ನೊಂದು ಸಲ. ಕೈ ಬಗ್ಗಿಸಿ ಜಾಲರಿಯ ಕೆಳಗೆ ಬೆರಳು ಹಾಕಿ ನೋಡಿ. ಕಂಬದ ಕಂಬಿಗಳು ಎಲ್ ಆಕಾರದಲ್ಲಿ ಬಾಗಿ ಜಾಲರಿಯ ಮೇಲೆ ಕೂತಿರಬೇಕು, ಸೆಂಟರ್ ದಾರಕ್ಕೆ ಸರಿಯಾಗಿರಬೇಕು, ಅಲ್ಲಾಡದ ಹಾಗೆ ನಾಲ್ಕು ಕಡೆ ಬಿಗಿದಿರಬೇಕು. ಕಂಬ ಎರಡು ಇಂಚು ಜಾರಿತು ಅಂದರೆ ಮೇಲೆ ಹೋಗಿ ಕಂಬಿಯನ್ನು ಬಗ್ಗಿಸಿ ಗೋಡೆಯ ಸಾಲಿಗೆ ತರುತ್ತಾರೆ. ಅದು ಖಂಡಿತ ಆಗಬಾರದ ಕೆಲಸ.

ಕಾಂಕ್ರೀಟಿನಲ್ಲಿ ನನ್ನ ಮುಖ್ಯ ಕಾಳಜಿ ನೀರು. 50 ಕೆ.ಜಿ. ಸಿಮೆಂಟಿನ ಚೀಲಕ್ಕೆ ಅರ್ಧದ ಅನುಪಾತದಲ್ಲಿ 25 ಲೀಟರ್ ನೀರು. ಮರಳು ಒದ್ದೆ ಇದ್ದರೆ ಒಂದು ಚೀಲಕ್ಕೆ ಬೀಳುವ ಮರಳಿನಲ್ಲೇ ನಾಲ್ಕು ಲೀಟರ್ ಅಡಗಿರಬಹುದು, ಅದನ್ನು 25ರಲ್ಲಿ ಕಳೆಯಬೇಕು. ಆದರೆ ಸೈಟಿನಲ್ಲಿ ಆಗುವುದು ಉಲ್ಟಾ. ಕಾಂಕ್ರೀಟು ಗಟ್ಟಿಯಾಗಿದೆ, ಸಲಿಕೆಗೆ ಬರುತ್ತಿಲ್ಲ ಅಂತ ಯಾರೋ ಪೈಪು ಹಿಡಿಯುತ್ತಾರೆ. ಮಿಕ್ಸ್ ಸಲೀಸಾಗಿ ಹರಿಯುತ್ತದೆ, ಎಲ್ಲರಿಗೂ ಸಂತೋಷ. ಸಿಮೆಂಟು ಬಳಸಿಕೊಳ್ಳದೆ ಉಳಿದ ಆ ನೀರು ಆರಿಹೋದ ಮೇಲೆ ಅದರ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಬಲ ಕಡಿಮೆಯಾಗುತ್ತದೆ, ನೆಲದ ತೇವ ಒಳಗೆ ಇಳಿಯಲು ದಾರಿಯೂ ಆಗುತ್ತದೆ. ಸಲೀಸು ಬೇಕಿದ್ದರೆ ಅದಕ್ಕೆಂದೇ ಇರುವ ಅಡ್ಮಿಕ್ಸ್‌ಚರ್ ಅಳತೆಯಲ್ಲಿ ಹಾಕಿಸಿ, ಪೈಪನ್ನು ದೂರ ಇಡಿಸಿ. ಒಂದು ಫುಟಿಂಗನ್ನು ಶುರು ಮಾಡಿದರೆ ಅದನ್ನು ಮುಗಿಸಿಯೇ ಊಟಕ್ಕೆ ಹೋಗಬೇಕು, ಅರ್ಧಕ್ಕೆ ನಿಲ್ಲಿಸಿದರೆ ಹಳೆಯದು ಹೊಸದನ್ನು ಹಿಡಿಯುವುದಿಲ್ಲ.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿ ಇಡುವುದು, ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೆ ಹತ್ತು ದಿನ, ಬಿಸಿಲು ಹೆಚ್ಚಿದ್ದರೆ ಹದಿನಾಲ್ಕು. ಕಾಂಕ್ರೀಟು ಪೂರ್ತಿ ಬಲಕ್ಕೆ ಬರಲು ಲೆಕ್ಕ ಹಿಡಿಯುವುದು 28 ದಿನ. ಫುಟಿಂಗ್ ಗುಂಡಿಯೊಳಗಿರುತ್ತದೆ, ತಾನಾಗೇ ತಂಪಾಗಿರುತ್ತದೆ ಅಂತ ಬಿಡುವುದು ಸಾಮಾನ್ಯ. ಒದ್ದೆ ಗೋಣಿಚೀಲ ಹೊದಿಸಿ ಕಂಬದ ಗಿಡ್ಡ ಭಾಗವನ್ನೂ ಸೇರಿಸಿ ನೆನೆಸಿಡಿ.

ಫುಟಿಂಗುಗಳನ್ನೆಲ್ಲ ನೆಲಮಟ್ಟದ ತೊಲೆ, ಅಂದರೆ ಪ್ಲಿಂತ್ ಬೀಮು, ಒಂದಕ್ಕೊಂದು ಕಟ್ಟಿ ಹಿಡಿಯುತ್ತದೆ. ಭೂಕಂಪದಲ್ಲಿ ಕಂಬಗಳ ಬುಡ ಒಂದೊಂದು ದಿಕ್ಕಿಗೆ ಸರಿಯದ ಹಾಗೆ ನೋಡಿಕೊಳ್ಳುವುದೂ ಇದೇ. ಇದಕ್ಕೆ ಕಾಂಕ್ರೀಟು ಹಾಕುವ ಮುಂಚೆ ಪ್ಲಂಬರನ್ನು ಕರೆಸಿ. ಯಾವ ಬಚ್ಚಲಿನ ಪೈಪು ಎಲ್ಲಿ ಹೊರಗೆ ಹೋಗುತ್ತದೆ ಅಂತ ಗುರುತು ಹಾಕಿಸಿ, ಆ ಜಾಗದಲ್ಲಿ ದೊಡ್ಡ ಪೈಪಿನ ತುಂಡು ಇಟ್ಟು ದಾರಿ ಬಿಡಿಸಿ. ಹಾಗೆ ಮಾಡದ ಮನೆಗಳಲ್ಲಿ ಆರು ತಿಂಗಳ ಮೇಲೆ ಡ್ರಿಲ್ ಹಿಡಿದು ಬೀಮಿಗೇ ತೂತು ಕೊರೆಯುತ್ತಾರೆ, ಕಂಬಿ ಅಡ್ಡ ಬಂದರೆ ಕತ್ತರಿಸುತ್ತಾರೆ. ಅಷ್ಟು ಜತನದಿಂದ ಕಟ್ಟಿದ ಕಂಬಿಯನ್ನು ಒಂದು ಪೈಪಿಗೋಸ್ಕರ ಕತ್ತರಿಸುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಬೀಮಿನ ಮಧ್ಯದ ಜಾಗಕ್ಕೆ ಮಣ್ಣು ತುಂಬಿಸುವ ಕೆಲಸವನ್ನು ಯಾರೂ ಕೆಲಸ ಅಂತಲೇ ಎಣಿಸುವುದಿಲ್ಲ. ಟಿಪ್ಪರ್ ಬಂದು ಸುರಿಯುತ್ತದೆ, ಜೆಸಿಬಿ ಎಳೆಯುತ್ತದೆ, ಮೇಲೆ ನೀರು ಬಿಡುತ್ತಾರೆ. ಮೇಲಿನ ಒಂದಡಿ ಕೂರುತ್ತದೆ, ಕೆಳಗೆ ಟೊಳ್ಳು ಹಾಗೇ ಇರುತ್ತದೆ. ಎರಡು ಮಳೆಗಾಲ ಕಳೆದಮೇಲೆ ನೆಲ ತಗ್ಗುತ್ತದೆ, ಗೋಡೆಗೂ ಟೈಲ್ಸಿಗೂ ನಡುವೆ ಸಂದು ಬಿಡುತ್ತದೆ. ಮನೆಯವರು ಪಾಯ ಕುಸಿಯಿತು ಅಂತ ಹೆದರಿ ಬರುತ್ತಾರೆ, ನೋಡಿದರೆ ಪಾಯ ಗಟ್ಟಿಯಾಗೇ ಇರುತ್ತದೆ, ಕುಸಿದದ್ದು ತುಂಬಿದ ಮಣ್ಣು. ಆರರಿಂದ ಎಂಟು ಇಂಚಿನ ಪದರ ಹಾಕಿ, ಹದವಾಗಿ ನೀರು ಹಾಕಿ, ದಿಮ್ಮಸು ಹೊಡೆದು, ಆಮೇಲೆ ಮುಂದಿನ ಪದರ. ಒಡೆದ ಗಾರೆ, ಮರದ ಚೂರು, ಬೇರು ತುಂಬಿದ ಮಣ್ಣು ಬೇಡ. ಮರದ ಚೂರು ಗೆದ್ದಲಿಗೆ ಆಹ್ವಾನ. ಗೆದ್ದಲಿನ ಔಷಧಿಯನ್ನೂ ಈ ಹಂತದಲ್ಲೇ, ನೆಲದ ಕಾಂಕ್ರೀಟು ಮುಚ್ಚುವ ಮುಂಚೆ ಹೊಡೆಸಬೇಕು, ಪೈಪು ಒಳಬರುವ ಜಾಗಗಳನ್ನು ಬಿಡದೆ.

ನೆಲದ ತೇವ ಗೋಡೆ ಹತ್ತುವುದನ್ನು ತಡೆಯಲು ಡಿಪಿಸಿ ಪದರ, ಅದು ಒಂದು ಕಡೆಯೂ ತುಂಡಾಗದೆ ಗೋಡೆಯ ಪೂರ್ತಿ ಅಗಲಕ್ಕೆ ಬರಬೇಕು. ನೆಲ ರಸ್ತೆಗಿಂತ ಎಷ್ಟು ಎತ್ತರ ಇರಬೇಕು ಅನ್ನುವಾಗ ಇವತ್ತಿನ ರಸ್ತೆಯನ್ನು ಮಾತ್ರ ನೋಡಬೇಡಿ, ರಸ್ತೆಗೆ ಡಾಂಬರು ಬಿದ್ದಷ್ಟೂ ಅದು ಏರುತ್ತಾ ಹೋಗುತ್ತದೆ.

ಪಾಯ ಮುಗಿದ ಮೇಲೂ ಅದನ್ನು ಕೆಡಿಸುವ ಕೆಲಸಗಳಿವೆ. ಇಂಗ್ಲಿಷ್ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ಸಮುದ್ರದ ನಡುವಿನ ಎಡಿಸ್ಟೋನ್ ಬಂಡೆಯ ಮೇಲೆ ಕಲ್ಲಿನ ದೀಪಸ್ತಂಭ ಕಟ್ಟಿ ಮುಗಿಸಿದ. ಕಲ್ಲಿಗೆ ಕಲ್ಲನ್ನು ಕೊಕ್ಕೆಯ ಹಾಗೆ ಸೇರಿಸಿ, ನೀರಿನಲ್ಲೂ ಗಟ್ಟಿಯಾಗುವ ಸುಣ್ಣದ ಗಾರೆ ಹುಡುಕಿ ಕಟ್ಟಿದ ಗೋಪುರ. ನೂರು ವರ್ಷ ದಾಟಿದರೂ ಗೋಪುರಕ್ಕೆ ಏನೂ ಆಗಲಿಲ್ಲ, ಅಲೆಗಳು ಅದರ ಕೆಳಗಿನ ಬಂಡೆಯನ್ನೇ ಕೊರೆದವು. ಪಕ್ಕದ ಬಂಡೆಯ ಮೇಲೆ 1882ರಲ್ಲಿ ಹೊಸ ಸ್ತಂಭ ಬಂತು, ಸ್ಮೀಟನ್ನನ ಗೋಪುರದ ಮೇಲಿನ ಭಾಗವನ್ನು ಬಿಚ್ಚಿ ಪ್ಲಿಮತ್ ಊರಿಗೆ ಸಾಗಿಸಿದರು. ಬುಡದ ಮೋಟು ಇವತ್ತಿಗೂ ಸಮುದ್ರದಲ್ಲೇ ನಿಂತಿದೆ.

ನಿಮ್ಮ ಮನೆಗೆ ಅಲೆ ಬರುವುದಿಲ್ಲ, ಆದರೆ ತಾರಸಿಯ ಮಳೆನೀರು ಬರುತ್ತದೆ. ಅದು ಮೂಲೆಯ ಪೈಪಿನಿಂದ ನೇರ ಫುಟಿಂಗಿನ ಪಕ್ಕ ಸುರಿದರೆ ಆ ಒಂದು ಮೂಲೆಯ ಮಣ್ಣು ವರ್ಷವಿಡೀ ಮೆತ್ತಗಿರುತ್ತದೆ. ಸಂಪು, ಸೆಪ್ಟಿಕ್ ಟ್ಯಾಂಕು ತೋಡುವಾಗ ಫುಟಿಂಗಿನ ಅಂಚಿನಿಂದ ಕೆಳಕ್ಕೆ 45 ಡಿಗ್ರಿ ಗೆರೆ ಎಳೆದುಕೊಳ್ಳಿ, ಗುಂಡಿ ಆ ಗೆರೆಯ ಒಳಗೆ ಬರಬಾರದು. ಗುಂಡಿ ಫುಟಿಂಗಿಗಿಂತ ಒಂದು ಮೀಟರ್ ಹೆಚ್ಚು ಆಳ ಹೋಗುವುದಾದರೆ ಕನಿಷ್ಠ ಒಂದು ಮೀಟರ್ ದೂರ ಇರಲಿ. ಸಾಧ್ಯವಾದರೆ ಸಂಪನ್ನು ಪಾಯದ ಜೊತೆಗೇ ಮುಗಿಸಿಬಿಡಿ, ಮನೆ ಎದ್ದ ಮೇಲೆ ಪಕ್ಕದಲ್ಲಿ ತೋಡುವುದು ಬೇಡ. ಅಂತರ್ಜಲ ಮೇಲಿರುವ ಕಡೆ ಸಂಪನ್ನು ಖಾಲಿ ಬಿಡಬೇಡಿ. ಸುತ್ತಲಿನ ನೀರು ತಳದಿಂದ ಒಂದು ಮೀಟರ್ ಎತ್ತರ ನಿಂತರೆ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಮೇಲಕ್ಕೆ ಬರುತ್ತದೆ, ಖಾಲಿ ತೊಟ್ಟಿ ತೇಲಿ ಏಳಬಹುದು.

ಇನ್ನು ಫೋಟೋಗಳು. ಗುಂಡಿಯ ತಳ, ಜಾಲರಿ, ಕವರ್ ಬ್ಲಾಕು, ಕಂಬದ ಬುಡ, ಪ್ಲಿಂತ್ ಬೀಮಿನ ಕಂಬಿ, ಪೈಪಿನ ದಾರಿ, ಒಂದೊಂದನ್ನೂ ಮುಚ್ಚುವ ಮುಂಚೆ ಟೇಪ್ ಕಾಣುವ ಹಾಗೆ ಹಿಡಿದು ತೆಗೆಯಿರಿ. ಯಾವ ಕಂಬದ್ದು ಅಂತ ಒಂದು ಹಲಗೆಯ ಮೇಲೆ ನಂಬರ್ ಬರೆದು ಚಿತ್ರದಲ್ಲಿ ಸೇರಿಸಿ. ನಕ್ಷೆಯ ಜೊತೆ ಇವನ್ನು ಒಂದೇ ಕಡೆ ಇಟ್ಟುಕೊಳ್ಳಿ, ಮನೆ ಮಾರಿದರೆ ಕೊಳ್ಳುವವರಿಗೂ ಕೊಡಿ. ಮುಂದೆ ಆ ಮನೆಗೆ ಒಂದು ಅಂತಸ್ತು ಸೇರಿಸಲು ಬರುವ ಎಂಜಿನಿಯರು ಮೊದಲು ಕೇಳುವುದು ಅದನ್ನೇ.